ಹೆಬ್ಬೆಟ್ಟು ನನ್ನದೇ, ಮೆಸೇಜು ಬೇರೆ

ನವಿ ಮುಂಬೈನ ಬೇಲಾಪುರದಲ್ಲಿ ನನ್ನ ಆಫೀಸು. ಫ್ರೈಟ್ ಫಾರ್ವರ್ಡಿಂಗ್ ಕೆಲಸ. ಅಂದರೆ ಪುಣೆ ಹತ್ತಿರದ ಚಾಕಣ್ ಕಡೆಯ ಫ್ಯಾಕ್ಟರಿಗಳ ಮಾಲನ್ನು ನಾವಾ ಶೇವಾ ಬಂದರಿಗೆ ಮುಟ್ಟಿಸಿ, ಹಡಗು ಹತ್ತಿಸುವವರೆಗಿನ ತಲೆನೋವೆಲ್ಲ ನಮ್ಮದು. ನನ್ನ ಊರು ಕುಮಟಾ. ಆಫೀಸಿನಲ್ಲಿ ಕನ್ನಡದವರು ನಾಲ್ಕು ಜನ ಇದ್ದೇವೆ. ಬೈಯುವುದಕ್ಕೂ ಬೈಸಿಕೊಳ್ಳುವುದಕ್ಕೂ ಭಾಷೆಯ ತೊಂದರೆ ಇಲ್ಲ.

ನಮ್ಮಲ್ಲಿ ಎಲ್ಲರೂ ಹೆದರುವ ಶಬ್ದ ಒಂದೇ, ಕಟ್‌ಆಫ್. ಅಷ್ಟು ಹೊತ್ತಿನೊಳಗೆ ಕಂಟೇನರ್ ಬಂದರಿನ ಗೇಟು ದಾಟಬೇಕು. ಕಸ್ಟಮ್ಸ್‌ನ ಶಿಪ್ಪಿಂಗ್ ಬಿಲ್ ಸರಿ ಇರಲಿ, 2016ರಿಂದ ಕಡ್ಡಾಯವಾದ ತೂಕದ ಕಾಗದವೂ ಸರಿ ಇರಲಿ, ಹೊತ್ತು ಮೀರಿದರೆ ಶಟೌಟ್, ಅಂದರೆ ಕಂಟೇನರ್ ಆ ಹಡಗು ಹತ್ತುವುದಿಲ್ಲ. ಮುಂದಿನ ಹಡಗಿಗೆ ಕಾಯಬೇಕು.

ಹೋದ ವರ್ಷ ಮಳೆಗಾಲದ ಒಂದು ಬುಧವಾರ. ಸಂಜೆ ನಾಲ್ಕು ಗಂಟೆಗೆ ಆಪರೇಶನ್ಸ್ ಹುಡುಗ ಆಫೀಸಿನ ಚಾಟ್ ಆ್ಯಪ್ ಟೀಮ್ಸ್‌ನ ಚಾನೆಲ್‌ನಲ್ಲಿ ಹಾಕಿದ: ‘ಕಟ್‌ಆಫ್ ಶುಕ್ರವಾರ ರಾತ್ರಿ 11.’ ನಾನು ಮೆಸೇಜಿನ ಕೆಳಗೆ ಹೆಬ್ಬೆಟ್ಟಿನ ಇಮೋಜಿ ಒತ್ತಿದೆ. ಇನ್ನೂ ಮೂವರು ಒತ್ತಿದರು. ತಕ್ಷಣ ಟ್ರಾನ್ಸ್‌ಪೋರ್ಟರ್‌ಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿ, ಚಹಾ ಕುಡಿಯಲು ಕೆಳಗೆ ಇಳಿದೆ.

ಅರ್ಧ ಗಂಟೆಯ ಮೇಲೆ ಶಿಪ್ಪಿಂಗ್ ಲೈನ್‌ನಿಂದ ತಿದ್ದಿದ ಮೇಲ್ ಬಂತು. ಶುಕ್ರವಾರ ಅಲ್ಲ, ಗುರುವಾರ. ಹುಡುಗ ತನ್ನ ಹಳೇ ಮೆಸೇಜನ್ನೇ ತೆರೆದು ‘ಶುಕ್ರವಾರ’ ಅಳಿಸಿ ‘ಗುರುವಾರ’ ಮಾಡಿದ. ಮುಗೀತು. ಯಾರ ಫೋನೂ ಟಿಣ್ ಅನ್ನಲಿಲ್ಲ. ಎಡಿಟ್ ಮಾಡಿದರೆ ಹೊಸದಾಗಿ ನೋಟಿಫಿಕೇಶನ್ ಬರುವುದಿಲ್ಲ, ಪಕ್ಕದಲ್ಲಿ ‘ಎಡಿಟೆಡ್’ ಅಂತ ಸಣ್ಣ ಅಕ್ಷರ ಬರುತ್ತದೆ ಅಷ್ಟೇ. ಮೊದಲು ಏನಿತ್ತು ಅಂತ ಓದುವವನಿಗೆ ಕಾಣುವುದೂ ಇಲ್ಲ. ಆದರೆ ನಾಲ್ಕು ಹೆಬ್ಬೆಟ್ಟುಗಳು ಮಾತ್ರ ಇದ್ದಲ್ಲೇ ಇದ್ದವು.

ಶುಕ್ರವಾರ ಬೆಳಿಗ್ಗೆ ಟ್ರಾನ್ಸ್‌ಪೋರ್ಟರ್ ಫೋನು. ಗಾಡಿ ರಾತ್ರಿ ಘಾಟ್ ಇಳಿದು ಕಳಂಬೋಲಿಯಲ್ಲಿ ನಿಂತಿತ್ತು. ಬೆಳಿಗ್ಗೆ ಆರಾಮಾಗಿ ಹೋದರೆ ಒಳಗೆ ಬಿಡುತ್ತಿಲ್ಲವಂತೆ. ಪಾಪ, ಡ್ರೈವರ್ ಬಂದರಿನ ಸಮೀಪದ ಕರಳ್ ಫಾಟಾ ಹತ್ತಿರ ಮಳೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದ.

ಮೀಟಿಂಗ್‌ನಲ್ಲಿ ನಮ್ಮ ಸಾಹೇಬರು ಸ್ಕ್ರೀನ್ ತೋರಿಸಿದರು. ‘ಕಟ್‌ಆಫ್ ಗುರುವಾರ ರಾತ್ರಿ 11.’ ಕೆಳಗೆ ನನ್ನ ಹೆಸರು, ನನ್ನ ಹೆಬ್ಬೆಟ್ಟು. ಊರಲ್ಲಿ ನಮ್ಮಜ್ಜ ಹೇಳುತ್ತಿದ್ದರು, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಗದ್ದೆ ಕಳಕೊಂಡವರ ಕತೆ. ಎಂ.ಕಾಂ ಮಾಡಿದವನು ನಾನು, ಅದೇ ಸಾಲಿಗೆ ಸೇರಿಬಿಟ್ಟೆ. ನನ್ನನ್ನು ಉಳಿಸಿದ್ದು ಟ್ರಾನ್ಸ್‌ಪೋರ್ಟರ್‌ಗೆ ಕಳಿಸಿದ ಆ ವಾಯ್ಸ್ ಮೆಸೇಜು. ಬುಧವಾರ 4:12, ನನ್ನದೇ ದನಿ, ‘ಶುಕ್ರವಾರ’.

ಹುಡುಗ ಇಂಡಿ ಕಡೆಯವನು. ಸುಳ್ಳು ಹೇಳುವವನಲ್ಲ. ಊಟದ ಹೊತ್ತಿಗೆ ಬಂದು, “ಅಣ್ಣಾರ, ತಪ್ಪ ಇತ್ತಂತ ತಿದ್ದಿದ್ನಿರಿ. ಎರಡ ಮೆಸೇಜ್ ಹಾಕಿದ್ರ ಮಂದಿಗೆ ಗೊಂದಲ ಆಗ್ತದಂತ” ಅಂದ. ಅವನ ಲೆಕ್ಕ ಸರಿಯೇ ಅಲ್ವಾ? ಕಾಗದದಲ್ಲಿ ತಪ್ಪಾದರೆ ನಾವೂ ತಿದ್ದುತ್ತೇವೆ. ಆದರೆ ಕಾಗದದಲ್ಲಿ ಗೀಟು ಹಾಕಿದ್ದು ಕಾಣುತ್ತದೆ. ಇಲ್ಲಿ ಗೀಟೇ ಇಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೇನು ಕಮ್ಮಿ, ಗುರುವಾರ ಇಡೀ ದಿನ ಆ ಚಾನೆಲ್ ತೆರೆದು ನೋಡಿರಲಿಲ್ಲ. ಒಮ್ಮೆ ಹೆಬ್ಬೆಟ್ಟು ಒತ್ತಿದ ಮೇಲೆ ಆ ಕೆಲಸ ಮುಗಿದ ಹಾಗೆ ಮನಸ್ಸಿಗೆ ಅನಿಸಿಬಿಡುತ್ತದೆ.

ಈಗ ನಮ್ಮಲ್ಲಿ ಕಾಗುಣಿತ ಬೇಕಾದರೆ ತಿದ್ದಬಹುದು. ದಿನ, ಹೊತ್ತು, ಕಂಟೇನರ್ ನಂಬರು ತಿದ್ದುವ ಹಾಗಿಲ್ಲ. ಬದಲಾದರೆ ಹೊಸ ಮೆಸೇಜು, ‘ಮೊದಲು ಶುಕ್ರವಾರ ಅಂದಿದ್ದೆ, ಈಗ ಗುರುವಾರ’ ಅಂತ ಬಿಡಿಸಿ, ಸಂಬಂಧಪಟ್ಟವರ ಹೆಸರು ಟ್ಯಾಗ್ ಮಾಡಿ. ಉತ್ತರಕ್ಕೆ ಹೆಬ್ಬೆಟ್ಟು ನಡೆಯುವುದಿಲ್ಲ. ‘ಗುರುವಾರ 11, ಗಾಡಿಯವರಿಗೆ ಹೇಳಿದೆ’ ಅಂತ ಬರೆಯಬೇಕು. ಮೊದಲ ವಾರ ಎಲ್ಲರೂ ಗೊಣಗಿದರು. ಸುಮ್ನೆ ಟೈಪಿಂಗ್ ಜಾಸ್ತಿ ಅಂತ.

ಕಟ್‌ಆಫ್‌ಗಳ ಪಟ್ಟಿಯನ್ನು ಎಲ್ಲರೂ ಸೇರಿ ಬಳಸುವ ಎಕ್ಸೆಲ್‌ಗೆ ಸಾಗಿಸಿದೆವು. ಅದಕ್ಕೆ ನೆನಪಿನ ಶಕ್ತಿ ಇದೆ. ‘ಶೋ ಚೇಂಜಸ್’ ಒತ್ತಿದರೆ ಯಾರು, ಯಾವಾಗ, ಯಾವ ಚೌಕದಲ್ಲಿ ಏನಿದ್ದದ್ದನ್ನು ಏನು ಮಾಡಿದರು ಅಂತ 60 ದಿನಗಳವರೆಗೆ ಸಿಗುತ್ತದೆ. ವಾಟ್ಸಾಪ್‌ನಲ್ಲೂ 2023ರಿಂದ ಎಡಿಟ್ ಬಂದಿದೆ, ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು. ಅದಕ್ಕೂ ನೋಟಿಫಿಕೇಶನ್ ಇಲ್ಲ. ಹಾಗಾಗಿ ಅಲ್ಲೂ ಇದೇ ನಿಯಮ.

ಟ್ರಾನ್ಸ್‌ಪೋರ್ಟರ್ ಮಾತ್ರ ಇವತ್ತಿಗೂ ಹೆಬ್ಬೆಟ್ಟೇ ಕಳಿಸುತ್ತಾನೆ. ನಾನು ಫೋನ್ ಮಾಡುತ್ತೇನೆ. ಅವನು ನಗುತ್ತಾ, ಕೇಳುವ ಮೊದಲೇ ಶುರು ಮಾಡುತ್ತಾನೆ: “ಹಾಂ ಸಾಬ್, ಗುರುವಾರ್, ರಾತ್ ಗ್ಯಾರಾ ಬಜೆ.”