ಹಳೆಯ ಚಾರ್ಜರ್ ಕಾರಿನ ಹಿಂಭಾಗವನ್ನು ತಗ್ಗಿಸುವ ಮುನ್ನ

ಡೆಟ್ರಾಯಿಟ್ ಹೊರವಲಯದಲ್ಲಿ 1960 ಮತ್ತು 70ರ ದಶಕಗಳ ಅಮೆರಿಕನ್ ಮಸಲ್ ಕಾರುಗಳನ್ನು, ಅಂದರೆ ಭಾರಿ ಶಕ್ತಿಯ ಎಂಜಿನ್ನಿನ ಕಾರುಗಳನ್ನು, ಸರಿಪಡಿಸುವ ವರ್ಕ್‌ಶಾಪೊಂದರಲ್ಲಿ ನಾನು ಸಸ್ಪೆನ್ಷನ್ ಕೆಲಸವನ್ನು ನೋಡಿಕೊಳ್ಳುತ್ತೇನೆ. ಪ್ರತಿವರ್ಷ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಕಾರುಗಳ ದೊಡ್ಡ ಮೆರವಣಿಗೆ ನಡೆಯುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಗಾಡಿ ತರುವ ಮಾಲೀಕರು ಸಾಮಾನ್ಯವಾಗಿ ಕೇಳುವುದು ಹಿಂಭಾಗವನ್ನು ಎರಡು ಇಂಚು ಇಳಿಸಿಕೊಡಿ ಎಂದು. ಆ ಅಂಕಿಯನ್ನು ಕಾರು ನೋಡಲು ಹೇಗಿರಬೇಕೆಂಬುದರಿಂದ ಆರಿಸಿಕೊಳ್ಳಬಾರದು, ಆಕ್ಸಲ್ (ಹಿಂಚಕ್ರಗಳನ್ನು ಹೊತ್ತ ಅಚ್ಚು) ಮೇಲಕ್ಕೆ ಚಲಿಸಲು ಎಷ್ಟು ಜಾಗ ಉಳಿಯುತ್ತದೆ ಎಂಬುದರಿಂದ ಪಡೆಯಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ. 1969ರ ಡಾಡ್ಜ್ ಚಾರ್ಜರನ್ನು ಉದಾಹರಣೆಯಾಗಿಟ್ಟುಕೊಂಡು ಅದನ್ನು ವಿವರಿಸುತ್ತೇನೆ.

ಚಾರ್ಜರ್‌ನ ಮುಂಭಾಗದಲ್ಲಿರುವುದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸಮಾಡುವ ಉಕ್ಕಿನ ಸರಳು. ಪ್ರತಿ ಬದಿಯಲ್ಲೂ ಒಂದು ಬೋಲ್ಟನ್ನು ತಿರುಗಿಸಿದರೆ ಸಾಕು, ಮುಂಭಾಗ ಇಳಿಯುತ್ತದೆ; ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು, ಅಷ್ಟೇ. ಹಿಂದೆಯೂ ಕೆಲಸ ಇಷ್ಟೇ ಸುಲಭವಿರಬಹುದೆಂದು ಮಾಲೀಕರು ಭಾವಿಸುವುದು ಸಹಜ. ಆದರೆ ಹಿಂದಿರುವುದು ಲೀಫ್ ಸ್ಪ್ರಿಂಗ್, ಅಂದರೆ ನಮ್ಮ ಅಂಬಾಸಿಡರ್ ಕಾರಿನ ಹಿಂಬದಿಯಲ್ಲೂ ಇದ್ದ ಕಮಾನು ಪಟ್ಟಿ. ಅದರಲ್ಲಿ ತಿರುಗಿಸಲು ಯಾವ ಬೋಲ್ಟೂ ಇಲ್ಲ. ಭಾರ ಹೊರುವುದು, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದು, ಎಂಜಿನ್ನಿನ ಟಾರ್ಕನ್ನು (ತಿರುಗಿಸುವ ಬಲವನ್ನು) ತಡೆಯುವುದು, ಈ ಮೂರೂ ಕೆಲಸಗಳನ್ನು ಆ ಪಟ್ಟಿಗಳೇ ಮಾಡುವುದರಿಂದ ಎತ್ತರವನ್ನು ಮಾತ್ರ ಬೇರ್ಪಡಿಸಿ ಬದಲಾಯಿಸಲು ಸಾಧ್ಯವಾಗುವುದಿಲ್ಲ.

ಆದ್ದರಿಂದ ಮೊದಲು ಅಳತೆ. ಪೆಟ್ರೋಲ್ ಟ್ಯಾಂಕನ್ನು ತುಂಬಿಸಿ, ಸಮತಟ್ಟಾದ ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿ, ಆಕ್ಸಲ್ ಮತ್ತು ಅದರ ಮೇಲ್ಚಲನೆಯನ್ನು ಕೊನೆಯಲ್ಲಿ ತಡೆಯುವ ರಬ್ಬರ್ ಬಂಪ್ ಸ್ಟಾಪ್‌ಗಳ ನಡುವಿನ ಅಂತರವನ್ನೂ ಚಕ್ರದ ಮಧ್ಯದಿಂದ ಫೆಂಡರ್ ಅಂಚಿನವರೆಗಿನ ಎತ್ತರವನ್ನೂ ಎರಡೂ ಬದಿಗಳಲ್ಲಿ ಬರೆದುಕೊಳ್ಳುತ್ತೇನೆ. ಐವತ್ತು ವರ್ಷ ದಾಟಿದ ಸ್ಪ್ರಿಂಗ್‌ಗಳು ಎರಡೂ ಬದಿಗೆ ಸಮನಾಗಿ ಕುಸಿದಿರುವುದು ಅಪರೂಪ. ಬಂಪ್ ಸ್ಟಾಪಿಗೆ ನಾಲ್ಕು ಇಂಚು ಜಾಗವಿದೆ ಎಂದುಕೊಳ್ಳಿ. ಎರಡು ಇಂಚು ಇಳಿಸಿದರೆ ಅರ್ಧ ಉಳಿಯುತ್ತದೆ. ಸ್ಪ್ರಿಂಗ್ ಹೀರಿಕೊಳ್ಳುವ ಶಕ್ತಿ ಅದು ಬಾಗುವ ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಗಡಸುತನ ಹಾಗೆಯೇ ಇದ್ದಾಗ, ಆಕ್ಸಲ್ ಸ್ಟಾಪಿಗೆ ಬಡಿಯುವ ಮುನ್ನ ಅದು ತಾಳಿಕೊಳ್ಳುವ ಹೊಡೆತ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಚಳಿಗಾಲದ ಹಿಮ ಕರಗಿದ ಮೇಲೆ ಮಿಷಿಗನ್ ರಸ್ತೆಗಳಲ್ಲಿ ಬೀಳುವ ಗುಂಡಿಗಳನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಎಷ್ಟೋ ಮಾಲೀಕರು ತಾವಾಗಿಯೇ ಎರಡು ಇಂಚಿನಿಂದ ಒಂದೂಕಾಲಕ್ಕೆ ಬರುತ್ತಾರೆ.

ಅಳೆಯುವಾಗಲೇ ಸ್ಪ್ರಿಂಗ್‌ನ ಹಿಂತುದಿಯನ್ನು ಬಾಡಿಗೆ ತೂಗುಹಾಕುವ ಕೊಂಡಿಯಾದ ಶ್ಯಾಕಲ್ಲನ್ನೂ ನೋಡುತ್ತೇನೆ. 1970ರ ದಶಕದಲ್ಲಿ ಹಿಂಭಾಗವನ್ನು ಎತ್ತರಿಸುವುದೇ ಫ್ಯಾಷನ್ ಆಗಿತ್ತು, ಅದಕ್ಕಾಗಿ ಉದ್ದನೆಯ ಶ್ಯಾಕಲ್ ಹಾಕುತ್ತಿದ್ದರು, ಮತ್ತು ಅವು ಎಷ್ಟೋ ಕಾರುಗಳಲ್ಲಿ ಇಂದಿಗೂ ಉಳಿದುಕೊಂಡಿವೆ. ಮೂಲ ಅಳತೆಯ ಶ್ಯಾಕಲ್ ಮರಳಿ ಹಾಕಿದರೆ ಯಾವ ಹಾನಿಯೂ ಇಲ್ಲದೆ ಗಾಡಿ ಸ್ವಲ್ಪ ತಗ್ಗುತ್ತದೆ. ಸ್ವಲ್ಪ ಎನ್ನಲು ಕಾರಣವಿದೆ. ಡಾಡ್ಜ್‌ನ ಮಾತೃಸಂಸ್ಥೆಯಾಗಿದ್ದ ಕ್ರೈಸ್ಲರ್‌ನ ಎಂಜಿನಿಯರ್‌ಗಳು ಆಕ್ಸಲನ್ನು ಸ್ಪ್ರಿಂಗ್‌ನ ನಟ್ಟನಡುವೆ ಕೂರಿಸದೆ ಮುಂತುದಿಗೆ ಹತ್ತಿರವಾಗಿ ಕೂರಿಸಿದ್ದಾರೆ. ಹೀಗಾಗಿ ಹಿಂತುದಿಯಲ್ಲಿ ಮಾಡಿದ ಎರಡು ಇಂಚಿನ ಬದಲಾವಣೆ ಆಕ್ಸಲ್ ಬಳಿ ಒಂದು ಇಂಚೂ ಆಗುವುದಿಲ್ಲ.

ಇನ್ನು ಎಲ್ಲರೂ ಮೊದಲು ಕೇಳುವ ಬ್ಲಾಕ್‌ಗಳ, ಅಂದರೆ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಇಡುವ ಲೋಹದ ಗಟ್ಟಿಗಳ, ವಿಷಯ. ಲಾರಿಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಆಕ್ಸಲ್‌ನ ಮೇಲೆ ಕೂತಿರುತ್ತದೆ, ಆದ್ದರಿಂದ ನಡುವೆ ಬ್ಲಾಕ್ ಇಟ್ಟರೆ ಗಾಡಿ ಏರುತ್ತದೆ. ಚಾರ್ಜರ್‌ನಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದೆ, ಅದೇ ಬ್ಲಾಕ್ ಇಲ್ಲಿ ಗಾಡಿಯನ್ನು ಇಳಿಸುತ್ತದೆ. ಕಡಿಮೆ ಖರ್ಚಿನ ವಿಧಾನವಿದು, ಒಂದು ಇಂಚಿನ ಮಟ್ಟಿಗೆ ನಾನೂ ಬಳಸುತ್ತೇನೆ. ಅದಕ್ಕಿಂತ ಹೆಚ್ಚಾದರೆ ಒಪ್ಪುವುದಿಲ್ಲ. ಬ್ಲಾಕ್ ಇಟ್ಟಾಗ ಸ್ಪ್ರಿಂಗೂ ಅದರ ಅಡಿಯ ಪ್ಲೇಟೂ ಬಾಡಿಯ ಜೊತೆಗೇ ನೆಲಕ್ಕೆ ಹತ್ತಿರವಾಗುತ್ತವೆ, ಟೈರ್ ಪಂಕ್ಚರ್ ಆದ ಗಳಿಗೆಯಲ್ಲಿ ರಸ್ತೆಯನ್ನು ಮೊದಲು ಮುಟ್ಟುವುದು ಆ ಪ್ಲೇಟೇ ಆಗಬಹುದು. ಇದರ ಜೊತೆಗೆ, ಆಕ್ಸಲ್ ಮತ್ತು ಸ್ಪ್ರಿಂಗ್‌ಗಳ ನಡುವೆ ಒಂದಿದ್ದ ಕೂಡು ಎರಡಾಗುತ್ತದೆ. 440 ಘನ ಇಂಚಿನ ಮ್ಯಾಗ್ನಮ್ ಎಂಜಿನ್ನಿನ 480 ಪೌಂಡ್-ಅಡಿ ಟಾರ್ಕ್, 2.45ರ ಮೊದಲ ಗೇರ್ ಮತ್ತು 3.23ರ ಡಿಫರೆನ್ಷಿಯಲ್ ಮೂಲಕ ಸುಮಾರು ಎಂಟು ಪಟ್ಟಾಗಿ ಚಕ್ರಗಳಿಗೆ ತಲುಪುವಾಗ, ಆ ಕೂಡುಗಳನ್ನು ಅಲುಗದಂತೆ ಹಿಡಿದಿರುವುದು ಆಕ್ಸಲನ್ನು ಸ್ಪ್ರಿಂಗ್‌ಗೆ ಕಟ್ಟುವ U ಆಕಾರದ ಯು-ಬೋಲ್ಟ್‌ಗಳ ಬಿಗಿತವೊಂದೇ.

ಬೇರೆಲ್ಲೋ ಒಂದರ ಮೇಲೊಂದು ಎರಡು ಬ್ಲಾಕ್ ಪೇರಿಸಿಕೊಂಡು ನಮ್ಮಲ್ಲಿಗೆ ಬಂದಿದ್ದ ಒಂದು ಚಾರ್ಜರನ್ನು ಲಿಫ್ಟ್‌ಗೆ ಏರಿಸಿದಾಗ, ಬ್ಲಾಕ್‌ಗಳು ಕೂಡುವ ಗೆರೆಯಿಂದ ಕಂದು ಪುಡಿ ಸೋರಿ ಪ್ಲೇಟಿನ ಮೇಲೆ ಗೀಟಾಗಿ ಇಳಿದಿತ್ತು. ಬಿಚ್ಚಿ ನೋಡಿದರೆ ಲೋಹದ ಮೈ ಒಂದೇ ಕಡೆ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು, ಸ್ಪ್ರಿಂಗ್‌ನ ಮಧ್ಯದ ಪಿನ್ ಸವೆದು ಸಣಕಲಾಗಿತ್ತು. ಆ ಪಿನ್ ತುಂಡಾಗಿದ್ದರೆ ಓಡುವ ಗಾಡಿಯಲ್ಲಿ ಆಕ್ಸಲ್ ಓರೆಯಾಗುತ್ತಿತ್ತು. ಬ್ಲಾಕ್‌ಗಳನ್ನು ಪೇರಿಸುವ ಕೆಲಸವನ್ನು ಯಾರೂ ಯಾವ ಕಾರಣಕ್ಕೂ ಮಾಡಬಾರದು.

ಒಂದು ಇಂಚಿಗಿಂತ ಹೆಚ್ಚು ಇಳಿಸಬೇಕಿದ್ದರೆ ಕಮಾನು ಕಡಿಮೆಯಿರುವ, ಸ್ವಲ್ಪ ಗಡುಸಾದ ಹೊಸ ಸ್ಪ್ರಿಂಗ್‌ಗಳನ್ನು ಹಾಕಿಸುವುದೇ ಸರಿಯೆಂದು ನಾನು ಹೇಳುತ್ತೇನೆ. ಚಲನೆಯ ದೂರ ಕಡಿಮೆಯಾದದ್ದನ್ನು ಗಡಸುತನ ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಇಲ್ಲಿ ಶಾಕ್ ಅಬ್ಸಾರ್ಬರ್‌ಗಳನ್ನು ಮರೆಯಬಾರದು. ಅವುಗಳ ಕೆಳತುದಿ ಸ್ಪ್ರಿಂಗ್ ಅಡಿಯ ಪ್ಲೇಟಿಗೆ ಸೇರಿರುವುದರಿಂದ ಬ್ಲಾಕ್ ಇಟ್ಟಾಗ ಅವುಗಳ ನಿಂತ ಉದ್ದ ಬದಲಾಗುವುದಿಲ್ಲ, ಆದರೆ ಚಪ್ಪಟೆ ಸ್ಪ್ರಿಂಗ್ ಹಾಕಿದಾಗ ಆ ಪ್ಲೇಟೇ ಮೇಲೇರಿ ಶಾಕ್‌ಗಳು ಅಷ್ಟು ಒಳಗೆ ಸೇರಿರುತ್ತವೆ. ಹಳೆಯ ಉದ್ದದ ಶಾಕ್‌ಗಳನ್ನೇ ಉಳಿಸಿಕೊಳ್ಳುವುದಾದರೆ ಬಂಪ್ ಸ್ಟಾಪಿಗಿಂತ ಮೊದಲೇ ಅವು ತಳ ಮುಟ್ಟುವುದಿಲ್ಲವೆಂದು ಅಳೆದು ನೋಡಿಕೊಳ್ಳಬೇಕು.

ಸ್ಪ್ರಿಂಗ್‌ನ ಮುಂತುದಿಯನ್ನು ಬಾಡಿಗೆ ಹಿಡಿದಿರುವ ಹ್ಯಾಂಗರ್‌ನಲ್ಲಿ ಸ್ಪ್ರಿಂಗ್ ಕಣ್ಣನ್ನು (ತುದಿಯ ಸುರುಳಿಯನ್ನು) ಮೇಲಕ್ಕೆ ಸರಿಸಿ ಗಾಡಿಯನ್ನು ಇಳಿಸುವ ಇನ್ನೊಂದು ದಾರಿಯೂ ಇದೆ. ಆದರೆ ಅದು ಪಿನಿಯನ್ ಮೂತಿಯನ್ನು, ಅಂದರೆ ಡ್ರೈವ್ ಶಾಫ್ಟ್ ಬಂದು ಸೇರುವ ಆಕ್ಸಲ್‌ನ ಮುಂಚಾಚನ್ನು, ಮೇಲಕ್ಕೆ ವಾಲಿಸುತ್ತದೆ, ಅದನ್ನು ಉಕ್ಕಿನ ಓರೆ ಶಿಮ್ (ತೆಳು ಬೆಣೆ) ಹಾಕಿ ಸರಿಪಡಿಸಬೇಕಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಪಿನಿಯನ್ ಹೇಗಿದ್ದರೂ ಮೇಲೇಳುವುದರಿಂದ ನಿಂತ ಗಾಡಿಯಲ್ಲಿ ಅದು ಎರಡು ಮೂರು ಡಿಗ್ರಿ ಕೆಳಮುಖವಾಗಿರಬೇಕು. ಪಿನಿಯನ್ ಮೇಲೇಳುವುದನ್ನು ತಡೆಯುವ ರಬ್ಬರ್ ಸ್ನಬ್ಬರ್ ಮತ್ತು ಕಾರಿನ ನೆಲದ ತಗಡಿನ ನಡುವಿನ ಸಂದನ್ನೂ, ಆಕ್ಸಲ್ ಮೇಲೆ ಹಾದುಹೋಗುವ ಎಕ್ಸಾಸ್ಟ್ ಪೈಪುಗಳ ಸಂದನ್ನೂ ಈ ಹಂತದಲ್ಲೇ ನೋಡಿಕೊಳ್ಳಬೇಕು.

ಜೋಡಿಸುವಾಗ ಯು-ಬೋಲ್ಟ್‌ಗಳು ಹೊಸವೇ ಆಗಿರಬೇಕು. ಸ್ಪ್ರಿಂಗ್ ಕಣ್ಣಿನ ಬೋಲ್ಟ್‌ಗಳನ್ನು ಗಾಡಿಯ ಪೂರ್ತಿ ಭಾರ ಚಕ್ರಗಳ ಮೇಲೆ ಬಿದ್ದ ನಂತರವಷ್ಟೇ ಬಿಗಿಯಬೇಕು. ಚಕ್ರಗಳು ತೂಗಾಡುತ್ತಿರುವಾಗ ಬಿಗಿದರೆ ಕಣ್ಣಿನೊಳಗಿನ ಬುಶ್‌ನ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ. ಹೊಸ ಸ್ಪ್ರಿಂಗ್‌ಗಳು ಮೊದಲ ಕೆಲವು ನೂರು ಮೈಲಿಗಳಲ್ಲಿ ಇನ್ನಷ್ಟು ಕೂರುತ್ತವೆ. ಆದಕಾರಣ ಗಾಡಿಯನ್ನು ಮತ್ತೊಮ್ಮೆ ಕರೆಸಿ, ಯು-ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಮರಳಿ ಬಿಗಿದು, ಮೊದಲ ದಿನ ಬರೆದಿಟ್ಟ ಅದೇ ಜಾಗಗಳಲ್ಲಿ ಅಳೆದು, ಆಮೇಲೆ ಪಿನಿಯನ್ ಕೋನವನ್ನು ಅಂತಿಮಗೊಳಿಸುತ್ತೇನೆ.