ಅಪ್ರದಕ್ಷಿಣೆ: ವ್ಯಾಂಕೂವರಿನ ಕಡಲಗೋಡೆಯ ಮೇಲೆ ಒಂದು ಸೈಕಲ್ ಸುತ್ತು

ಹೋದ ಊರಿನಲ್ಲಿ ಗೈಡ್ ಒಬ್ಬರ ಬೆನ್ನ ಹಿಂದೆ ಹಿಂಡಾಗಿ ತಿರುಗುವುದೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೂ ಜೂನ್ ತಿಂಗಳ ಒಂದು ಬೆಳಿಗ್ಗೆ ಕೆನಡಾದ ವ್ಯಾಂಕೂವರಿನಲ್ಲಿ, ಏಳು ಮಂದಿ ಅಪರಿಚಿತರ ಜೊತೆ ಬಾಡಿಗೆಯ ಸೈಕಲ್ ಹಿಡಿದು ನಿಂತಿದ್ದೆ. ಸೈಕಲ್ ತುಳಿದು ಇಪ್ಪತ್ತು ವರ್ಷಗಳ ಮೇಲಾಗಿದ್ದರಿಂದ, ಪರವೂರಿನ ರಸ್ತೆಗೆ ಒಂಟಿಯಾಗಿ ಇಳಿಯುವ ಧೈರ್ಯ ಸಾಲದೆ ಹೋದದ್ದೇ ಅದಕ್ಕೆ ಕಾರಣ. ಆ ಪ್ರಾಂತ್ಯದಲ್ಲಿ 1996ರಿಂದ ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ನನ್ನ ತಲೆಗೆ ಸರಿಹೊಂದುವ ಹೆಲ್ಮೆಟ್ ಹುಡುಕುವುದರಲ್ಲೇ ಕಾಲು ಗಂಟೆ ಕಳೆಯಿತು.

ಅಂಜಿಕೊಂಡಷ್ಟು ಕಷ್ಟವೇನೂ ಆಗಲಿಲ್ಲ. ನಗರದ ನಡುಭಾಗ ಸಮುದ್ರದೊಳಕ್ಕೆ ಚಾಚಿದ ಒಂದು ಪುಟ್ಟ ಪರ್ಯಾಯದ್ವೀಪ. ಅದರ ಮೂಲಕ ಹಾದುಹೋಗುವ ವೇಗದ ಹೆದ್ದಾರಿ ಒಂದೂ ಇಲ್ಲ. ಅರವತ್ತರ ದಶಕದ ಕೊನೆಯಲ್ಲಿ ಅಂಥದ್ದೊಂದು ಯೋಜನೆ ಸಿದ್ಧವಾಗಿತ್ತೆಂದೂ, ಚೈನಾಟೌನ್ ಮತ್ತು ಸ್ಟ್ರಾತ್‌ಕೋನಾ ಬಡಾವಣೆಗಳ ಜನ ಎದುರು ನಿಂತು ಅದನ್ನು ತಡೆದರೆಂದೂ, ಮೊದಲ ಕೆಂಪು ದೀಪದ ಬಳಿ ಕಾಯುತ್ತಿದ್ದಾಗಲೇ ಗೈಡ್ ಹೇಳಿ ಮುಗಿಸಿದ. ಹಸಿರು ದೀಪ ಬರುವುದರೊಳಗೆ ಒಂದು ನಗರದ ಚರಿತ್ರೆಯನ್ನು ಹೇಳುವ ಕಲೆ ಅವನಿಗೆ ಚೆನ್ನಾಗಿ ಸಿದ್ಧಿಸಿತ್ತು.

ಆದರೆ ಅದೇ ಕಲೆ ಕೋಲ್ ಹಾರ್ಬರಿನ ದಡದಲ್ಲಿ ನನಗೆ ಹಿಡಿಸಲಿಲ್ಲ. ಕೆನಡಾ ಪ್ಲೇಸ್ ಕಟ್ಟಡದ ಬಿಳಿ ಹಾಯಿಯಂಥ ಚಾವಣಿಯನ್ನು ತೋರಿಸಿ, ನೀರಿನಿಂದ ಎದ್ದು ಹಾರುವ ಪುಟ್ಟ ವಿಮಾನಗಳ ಬಗ್ಗೆ ಸಾಕಷ್ಟು ಹೊತ್ತು ಮಾತನಾಡಿದವನು, ಅಲ್ಲಿಂದ ಸ್ವಲ್ಪವೇ ಮುಂದಿರುವ ಕೋಮಗಾಟ ಮಾರು ಸ್ಮಾರಕದ ಮುಂದೆ ಪೆಡಲ್ ನಿಲ್ಲಿಸದೆ, "ಭಾರತದಿಂದ ಬಂದ ಹಡಗೊಂದರ ನೆನಪಿಗೆ" ಎಂದು ಕೈ ತೋರಿಸಿ ಮುಂದೆ ಸಾಗಿದ. ಆ ಹಡಗು ಹೊರಟದ್ದು ಹಾಂಗ್‌ಕಾಂಗ್‌ನಿಂದ. ಗುರ್ದಿತ್ ಸಿಂಗ್ ಬಾಡಿಗೆಗೆ ಪಡೆದ ಅದರಲ್ಲಿ 376 ಮಂದಿ ಪ್ರಯಾಣಿಕರಿದ್ದರು. ಹೆಚ್ಚಿನವರು ಪಂಜಾಬಿನ ಸಿಖ್ಖರು. ತಾಯ್ನಾಡಿನಿಂದ ಎಲ್ಲೂ ನಿಲ್ಲದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಆಗ ಕೆನಡಾದಲ್ಲಿತ್ತು. ಭಾರತದಿಂದ ಹಾಗೆ ಬರುವುದು ಸಾಧ್ಯವೇ ಇರಲಿಲ್ಲವೆಂಬುದು ನಿಯಮ ಮಾಡಿದವರಿಗೂ ತಿಳಿದಿತ್ತು. 1914ರ ಮೇ 23ರಂದು ಬಂದ ಹಡಗನ್ನು ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ, ಬೆರಳೆಣಿಕೆಯ ಕೆಲವರನ್ನು ಬಿಟ್ಟು ಯಾರನ್ನೂ ನೆಲಕ್ಕೆ ಇಳಿಯಗೊಡದೆ, ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಿಂದಕ್ಕೆ ಕಳುಹಿಸಿದರು. ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿತು. ಗೈಡ್‌ನನ್ನು ನಿಲ್ಲಿಸಿ ಇದನ್ನೆಲ್ಲ ಕೇಳಬಹುದಿತ್ತು. ಕೇಳಲಿಲ್ಲ. ಏಳು ಮಂದಿಯ ಬಿಡುವಿನ ದಿನವನ್ನು ಕೆಡಿಸಲು ಮನಸ್ಸಾಗಲಿಲ್ಲವೆಂದು ಸಮಾಧಾನ ಹೇಳಿಕೊಂಡೆನಾದರೂ, ನಿಜಕ್ಕೂ ಹಿಂದುಳಿದರೆ ಗುಂಪನ್ನು ಹಿಡಿಯಲಾರೆನೆಂಬ ಭಯವೇ ದೊಡ್ಡದಾಗಿತ್ತು.

ಅಲ್ಲಿಂದ ಸ್ಟ್ಯಾನ್ಲಿ ಪಾರ್ಕ್ ಆರಂಭ. 1888ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಉದ್ಯಾನಕ್ಕೆ ಆಗಿನ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿಯ ಹೆಸರು. ವಿಸ್ತಾರ ಸುಮಾರು ಸಾವಿರ ಎಕರೆ. ಉದ್ಯಾನ ಎಂದೊಡನೆ ಹೂವಿನ ಪಾತಿ, ಹುಲ್ಲುಹಾಸನ್ನು ಊಹಿಸಿಕೊಂಡಿದ್ದ ನನಗೆ ಎದುರಾದದ್ದು ದೇವದಾರು ಜಾತಿಯ ಎತ್ತರದ ಮರಗಳ ಕಾಡು. ಅದರ ಸುತ್ತ, ನೀರಿನ ಅಂಚಿಗೇ ಕಟ್ಟಿದ ಕಲ್ಲುಗೋಡೆ. ಅದರ ಮೇಲೆ ಸುಮಾರು ಒಂಬತ್ತು ಕಿಲೋಮೀಟರ್ ದಾರಿ. ನಡೆಯುವವರು ಎತ್ತ ಬೇಕಾದರೂ ನಡೆಯಬಹುದು, ಸೈಕಲ್ಲಿಗೆ ಮಾತ್ರ ಒಂದೇ ದಿಕ್ಕು, ಗಡಿಯಾರದ ಮುಳ್ಳಿಗೆ ಎದುರಾಗಿ. ಬಲಕ್ಕೆ ಸಮುದ್ರ, ಎಡಕ್ಕೆ ಕಾಡು. ದೇವಸ್ಥಾನದಲ್ಲಿ ದೇವರನ್ನು ಬಲಕ್ಕಿಟ್ಟುಕೊಂಡೇ ಸುತ್ತಿ ಬೆಳೆದವರಿಗೆ ಇದು ಅಪ್ರದಕ್ಷಿಣೆ. ಮೊದಲ ಅರ್ಧ ಕಿಲೋಮೀಟರ್ ಏನೋ ತಪ್ಪು ಮಾಡುತ್ತಿದ್ದೇನೆಂಬ ಕಸಿವಿಸಿ ನನ್ನನ್ನು ಬಿಡಲಿಲ್ಲ.

ಬ್ರಾಕ್ಟನ್ ಪಾಯಿಂಟಿನಲ್ಲಿ, ಮೂಲನಿವಾಸಿಗಳ ಕೆತ್ತನೆಯ ಮರದ ಟೋಟೆಮ್ ಕಂಬಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡರು. ಅವುಗಳಲ್ಲಿ ಹೆಚ್ಚಿನವು ಈ ನೆಲದವಲ್ಲ, ಬಡಗಣ ಕರಾವಳಿಯ ಬೇರೆ ಜನಾಂಗಗಳ ಶೈಲಿಯವು, ಹಲವು ಮೂಲ ಕಂಬಗಳು ವಸ್ತುಸಂಗ್ರಹಾಲಯ ಸೇರಿ ಇಲ್ಲಿ ಪ್ರತಿಗಳು ನಿಂತಿವೆ ಎಂಬುದನ್ನು ಗೈಡ್ ಮುಚ್ಚಿಡದೆ ಹೇಳಿದ. ಈ ನೆಲದವರದ್ದು ಏನು ಉಳಿದಿದೆ ಎಂದು ನಮ್ಮ ಗುಂಪಿನ ವಯಸ್ಸಾದ ಹೆಂಗಸೊಬ್ಬರು ಕೇಳಿದರು. ಅವನು ಒಂದು ಕ್ಷಣ ಯೋಚಿಸಿ, "ರಸ್ತೆ" ಎಂದ. ಇಲ್ಲೇ ಮುಂದೆ ಖ್ವೈಖ್ವೈ ಎಂಬ ಹಳ್ಳಿಯಿತ್ತು. ತಲೆಮಾರುಗಳಿಂದ ತಿಂದೆಸೆದ ಚಿಪ್ಪುಗಳು ಅಲ್ಲಿ ದಿಬ್ಬವಾಗಿ ಬೆಳೆದಿದ್ದವು. 1888ರಲ್ಲಿ ಉದ್ಯಾನದ ಸುತ್ತ ರಸ್ತೆ ಮಾಡಲು ಬಂದವರು ಆ ದಿಬ್ಬವನ್ನು ಅಗೆದು, ಅದೇ ಚಿಪ್ಪನ್ನು ರಸ್ತೆಗೆ ಹಾಸಿದರು. ಹಳ್ಳಿಯಲ್ಲಿ ಆಗಲೂ ಜನ ವಾಸವಾಗಿದ್ದರು. ಈ ಮಾತನ್ನು ಅವನು ಅವಸರವಿಲ್ಲದೆ, ಸೈಕಲ್ಲಿನಿಂದ ಇಳಿದು ನಿಂತು ಹೇಳಿದ್ದರಿಂದ, ಕೋಲ್ ಹಾರ್ಬರಿನ ಮುನಿಸು ನನ್ನಲ್ಲಿ ಅರ್ಧ ಕರಗಿತು.

ಲಯನ್ಸ್ ಗೇಟ್ ತೂಗುಸೇತುವೆಯ ಅಡಿಯಲ್ಲಿ ಹಾಯುವಾಗ ಮೇಲಿನ ವಾಹನಗಳ ಗುಡುಗು ತಲೆಯ ಮೇಲೇ ಉರುಳಿದಂತಿತ್ತು. ಅದನ್ನು ದಾಟಿ, ಸಿವಾಶ್ ಬಂಡೆ ಕಣ್ಣಿಗೆ ಬೀಳುವ ಹೊತ್ತಿಗೆ ನನ್ನ ಸೈಕಲ್ಲಿನ ಚೈನ್ ಕಳಚಿತು. ಗೈಡ್ ಕೈಗೆ ಗ್ರೀಸ್ ಬಳಿದುಕೊಂಡು ಅದನ್ನು ಕೂರಿಸುವಷ್ಟು ಹೊತ್ತು ನಾನು ಬಗ್ಗಿ ಗೋಡೆಯನ್ನು ನೋಡಿದೆ. ದೂರದಿಂದ ಸಲೀಸಾಗಿ ಕಾಣುವ ಅದರಲ್ಲಿ ಯಾವ ಎರಡು ಕಲ್ಲೂ ಒಂದೇ ಅಳತೆಯವಲ್ಲ. ಕೆಳಗಿನ ಸಾಲುಗಳಿಗೆ ಕಪ್ಪು ಚಿಪ್ಪಿಗಳು ಒತ್ತೊತ್ತಾಗಿ ಅಂಟಿದ್ದವು, ಅವುಗಳ ಮೇಲೆ ಹಸಿರು ಪಾಚಿ, ಅದರ ಮೇಲೆ ಉಪ್ಪಿನ ಬಿಳಿ ಗೆರೆ. ಉಳಿಯ ಗುರುತು ಕೆಲವು ಕಲ್ಲುಗಳಲ್ಲಿ ಬೆರಳಿಗೆ ಸಿಗುತ್ತಿತ್ತು.

ಹಡಗುಗಳು ಎಬ್ಬಿಸುವ ಅಲೆಗೆ ದಡ ಕೊರೆದುಹೋಗುತ್ತಿದ್ದುದರಿಂದ 1917ರಲ್ಲಿ ಶುರುವಾದ ಕೆಲಸವಿದು. ಕೆಲಸವಿಲ್ಲದೆ ಅಲೆಯುತ್ತಿದ್ದವರ ಕೈಗೆ ಕೂಲಿ ಕೊಡಲೆಂದು ಕೆಲವು ವರ್ಷ ನಡೆದು, ಹಣವಿಲ್ಲದಾಗ ನಿಂತು, ಪೂರ್ತಿ ಸುತ್ತು ಕೂಡಿಕೊಂಡದ್ದು 1971ರಲ್ಲಿ. ಜೇಮ್ಸ್ ಕನಿಂಗ್‌ಹ್ಯಾಮ್ ಎಂಬ ಕಲ್ಲುಕುಟಿಗ ಮೂವತ್ತರ ದಶಕದಿಂದ ಇದರ ಉಸ್ತುವಾರಿ ನೋಡಿಕೊಂಡವನು; ನಿವೃತ್ತನಾದ ಮೇಲೂ ಬಂದು ಕೆಲಸ ನೋಡಿ ಹೋಗುತ್ತಿದ್ದನಂತೆ. 1963ರಲ್ಲಿ ತೀರಿಕೊಂಡ ಅವನಿಗೆ ಸುತ್ತು ಮುಗಿದದ್ದನ್ನು ನೋಡುವ ಭಾಗ್ಯವಿರಲಿಲ್ಲ. ಅವನ ಹೆಸರಿನ ಫಲಕ ಬಂಡೆಯ ಎದುರಿನಲ್ಲೇ ಇದೆ. ಮುಗಿದದ್ದು ಎನ್ನುವುದೂ ಸರಿಯಲ್ಲವೇನೋ, 2022ರ ಜನವರಿಯ ಬಿರುಗಾಳಿಯಲ್ಲಿ ಕಡಲು ಉಕ್ಕಿ ದಾರಿಯನ್ನು ಹಲವೆಡೆ ಕಿತ್ತೆಸೆಯಿತು, ಮತ್ತೆ ಕಟ್ಟಬೇಕಾಯಿತು.

ಬಂಡೆಗೆ ಇಲ್ಲಿನ ಮೂಲನಿವಾಸಿಗಳಾದ ಸ್ಕ್ವಾಮಿಷ್ ಜನರ ಭಾಷೆಯಲ್ಲಿ ಬೇರೆ ಹೆಸರಿದೆ. 'ಸಿವಾಶ್' ಎಂಬುದು ಮೂಲನಿವಾಸಿಗಳನ್ನು ಹೀಗಳೆಯುವ ಪದವಾದ್ದರಿಂದ ಗೈಡ್ ಸ್ಕ್ವಾಮಿಷ್ ಹೆಸರನ್ನೇ ಎರಡು ಸಲ ಬಿಡಿಸಿ ಉಚ್ಚರಿಸಿದ. ನನ್ನ ನಾಲಿಗೆ ಒಪ್ಪಲಿಲ್ಲ.

ಉಳಿದ ದಾರಿ ಸುಲಭದ್ದು. ಥರ್ಡ್ ಬೀಚ್, ಸೆಕೆಂಡ್ ಬೀಚ್ ಕಳೆದು, ಟೆನಿಸ್ ಅಂಗಳದ ಪಕ್ಕದ ಮರಗಳ ತುಂಬ ಗೂಡು ಕಟ್ಟಿದ ನೀಲಿ ಬಕಗಳನ್ನು ನೋಡಿದೆವು. ಅವುಗಳ ಅಡಿಯಲ್ಲಿ ನಿಂತು ಮೇಲೆ ನೋಡಬೇಡಿ ಎಂಬ ಎಚ್ಚರಿಕೆ ಆ ದಿನದ ಅತ್ಯಂತ ಉಪಯುಕ್ತ ಮಾತಾಗಿತ್ತು. ಇಂಗ್ಲಿಷ್ ಬೇಯಲ್ಲಿ ಹಲ್ಲುಕಿರಿದು ನಗುವ ಹದಿನಾಲ್ಕು ಕಂಚಿನ ಗಂಡಸರ ನಡುವೆ ಎಲ್ಲರೂ ನಕ್ಕು, ಬೀಳ್ಕೊಂಡೆವು.

ಸಂಜೆ ಕಾಲು ನೋಯುತ್ತಿದ್ದರೂ ನಡೆದುಕೊಂಡೇ ಕೋಮಗಾಟ ಮಾರು ಸ್ಮಾರಕಕ್ಕೆ ಮರಳಿ ಹೋದೆ. ಜೂನ್ ಆದ್ದರಿಂದ ಒಂಬತ್ತು ಹತ್ತಿರವಾದರೂ ಬೆಳಕಿತ್ತು. ಎದುರು ದಡದ ಉದ್ಯಾನದಿಂದ ಇದ್ದಕ್ಕಿದ್ದಂತೆ ಫಿರಂಗಿಯ ಸದ್ದು ನೀರಿನ ಮೇಲೆ ಹಾದುಬಂತು, ಬೆಚ್ಚಿಬಿದ್ದೆ. ಬೆಳಿಗ್ಗೆ ಪಂಜರದೊಳಗೆ ನೋಡಿದ್ದ 'ನೈನ್ ಓ ಕ್ಲಾಕ್ ಗನ್' ಅದು: 1816ರಲ್ಲಿ ಇಂಗ್ಲೆಂಡಿನಲ್ಲಿ ಎರಕ ಹೊಯ್ದು, 1894ರಲ್ಲಿ ಉದ್ಯಾನಕ್ಕೆ ತಂದು ನಿಲ್ಲಿಸಿದ್ದು. 1969ರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ತಮಾಷೆಗೆ ಕದ್ದೊಯ್ದ ಕಥೆಯನ್ನು ಗೈಡ್ ಬಹಳ ರಸವತ್ತಾಗಿ ಹೇಳಿದ್ದ. ನಾನು ಲೆಕ್ಕ ಹಾಕಿದೆ. 1914ರಲ್ಲೂ ಅದು ರಾತ್ರಿ ಒಂಬತ್ತಕ್ಕೆ ಹಾರುತ್ತಿತ್ತು. ಹಡಗು ಈ ನೀರಿನಲ್ಲಿ ನಿಂತಿದ್ದ ಅರವತ್ತು ಚಿಲ್ಲರೆ ಸಂಜೆಯೂ ಅದರ ಮೇಲಿದ್ದವರಿಗೆ ಈ ಸದ್ದು ಕೇಳಿಸಿರಲೇಬೇಕು.