ಮಂಡಗದ್ದೆ ಬರೋವರೆಗೆ

ಜುಲೈ 11, 2024, ಗುರುವಾರ

ಪುನರ್ವಸು ಮಳೆ ಬೆಳಗ್ಗೆಯಿಂದ ಒಂದೇ ಸಮ ಸುರಿಯುತ್ತಿದೆ. ಕರೆಂಟಿಲ್ಲ. ಮೊಬೈಲ್‌ನಲ್ಲಿ ಚಾರ್ಜ್ ಇರುವಷ್ಟರಲ್ಲಿ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಿದ್ದೆ ಬರಲ್ಲ.

ಶಿವಮೊಗ್ಗದಿಂದ ಬರುವಾಗ ಅವಳೂ ನನ್ನ ಬಸ್ಸಿಗೇ ಹತ್ತಿದಳು. ಎಚ್‌ಐವಿ ಇರುವ ನಮ್ಮಂಥವರಿಗೆ ಮಾತ್ರೆ ಕೊಡುವ ಎಆರ್‌ಟಿ ಸೆಂಟರಿನ ಸಾಲಿನಲ್ಲಿ ಎಷ್ಟೋ ಸಲ ನೋಡಿದ ಮುಖ. ಬರೀಲಾ ಅಂತ ಕೇಳಿದ್ದಕ್ಕೆ "ಬರೀರಿ ಅಕ್ಕ, ಹೆಸರು, ಊರು ಮಾತ್ರ ಬೇಡ" ಅಂದಿದ್ದಾಳೆ. ಗಾಜನೂರು ದಾಟುವವರೆಗೂ ಮಾತಿಲ್ಲ. ಕಿಟಕಿಯಿಂದ ನೀರು ಸೋರಿ ಮಡಿಲು ಒದ್ದೆಯಾಗುತ್ತಿದ್ದರೂ ಈ ಕಡೆ ಸರಿಯಲಿಲ್ಲ. ಸಕ್ರೆಬೈಲು ಬಂದಾಗ ಮೆಲ್ಲಗೆ ಬಾಯಿಬಿಟ್ಟಳು.

"ಅಕ್ಕ, ಮುಟ್ಟು ನಿಂತಿದೆ. ಎಂಟು ವಾರ ಅಂದ್ರು."

ನಾನು ಏನೂ ಕೇಳುವ ಮೊದಲೇ, "ಮಾಲಾ-ಎನ್ ಒಂದು ದಿನಾನೂ ತಪ್ಪಿಸಿಲ್ಲ ಅಕ್ಕ, ದೇವರಾಣೆ" ಅಂದಳು. ದಿನಾ ನುಂಗುವ, ಬಸಿರಾಗದ ಹಾಗೆ ತಡೆಯುವ ಮಾತ್ರೆ ಅದು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದಳು. ಒಳಗೆ ಎಆರ್‌ಟಿ ಪುಸ್ತಕ, ಟಿಬಿ ಕಾರ್ಡು, ಮತ್ತೆ ಮಾಲಾ-ಎನ್ ಖಾಲಿ ಹಾಳೆ. 28 ಗುಳಿಯೂ ಒಡೆದಿದ್ದವು, ಕೊನೆಯ ಏಳು ಕಬ್ಬಿಣದ ಮಾತ್ರೆಗಳೂ ಸೇರಿ. ಸಾಕ್ಷಿಗೆ ಇರಲಿ ಅಂತ ಬಿಸಾಡದೆ ಇಟ್ಟುಕೊಂಡಿದ್ದಾಳೆ. ಆ ಹಾಳೆ ನೋಡಿ ನನ್ನ ಗಂಟಲು ಕಟ್ಟಿತು.

ಟಿಬಿ ಕಾರ್ಡು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಫೆಬ್ರವರಿಯಿಂದ ಟಿಬಿ ಮಾತ್ರೆ ನುಂಗುತ್ತಿದ್ದಾಳೆ. ಅದರಲ್ಲಿರುವ ರಿಫಾಂಪಿಸಿನ್, ಬೇರೆ ಎಷ್ಟೋ ಔಷಧಿಗಳನ್ನು ಲಿವರ್ ಬೇಗ ಕರಗಿಸಿಬಿಡುವ ಹಾಗೆ ಮಾಡುತ್ತದೆ. ಅದಕ್ಕೇ ಅವಳ ಎಚ್‌ಐವಿ ಮಾತ್ರೆ ಡೊಲುಟೆಗ್ರಾವಿರ್ ಅನ್ನು ದಿನಕ್ಕೆ ಎರಡು ಸಲ ಮಾಡಿದ್ದರು. ಮೂತ್ರ ಕೆಂಪಗಾಗುತ್ತೆ, ಹೆದರಬೇಡ ಅಂತಲೂ ಹೇಳಿದ್ದರಂತೆ. ಆದರೆ ಅದೇ ರಿಫಾಂಪಿಸಿನ್ ಮಾಲಾ-ಎನ್ ಬಲವನ್ನೂ ಕಡಿಮೆ ಮಾಡುತ್ತದೆ ಅಂತ ಒಬ್ಬರೂ ಹೇಳಲಿಲ್ಲ. ಕಾಪರ್-ಟಿ ಹಾಕಿಸಿಕೊಳ್ಳಬಹುದಿತ್ತು. ಬಸಿರಾಗದ ಹಾಗೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಇತ್ತು.

ಹೇಳಬೇಕಿದ್ದವರಾದರೂ ಯಾರು? ಮಾಲಾ-ಎನ್ ಕೊಟ್ಟ ಆಶಾ ಕಾರ್ಯಕರ್ತೆಗೆ ಇವಳ ಕಾಯಿಲೆ ಗೊತ್ತಿಲ್ಲ. ಊರಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಇವಳೇ ಮುಚ್ಚಿಟ್ಟಿದ್ದಾಳೆ. ಕಾಯಿಲೆ ಗೊತ್ತಿರುವ ಕಡೆ ಮಾಲಾ-ಎನ್ ವಿಷಯ ಗೊತ್ತಿಲ್ಲ, ಯಾಕಂದ್ರೆ ಕೇಳಿಲ್ಲ. "ಕಾಂಡೋಮ್ ಬಳಸ್ತೀರಲ್ವಾ?" ಅಂತಾರೆ, ಇವಳು "ಹೂಂ" ಅಂತಾಳೆ, ಮುಂದಿನವರು ಬನ್ನಿ. ಗಂಡ ಒಲ್ಲೆ ಅಂದ ರಾತ್ರಿಗಳ ಮಾತು ಆ ಹೂಂನಲ್ಲೇ ಮುಗಿದುಹೋಗುತ್ತೆ. ನನಗೆ ಸಿಟ್ಟು ಬರುವುದು ಅಲ್ಲೇ. ಮಗು ಬೇಕಾ, ಈಗ ಬೇಡವಾ, ಏನು ಬಳಸ್ತೀಯಾ ಅಂತ ಎದುರು ಕೂತು ಕೇಳೋಕೆ ಐದು ನಿಮಿಷ ಸಾಕಿತ್ತು.

ನಾನೂ ಆರು ವರ್ಷದಿಂದ ಅವಳನ್ನು ನೋಡ್ತಿದ್ದೀನಿ. "ಮಾತ್ರೆ ಸರಿಯಾಗಿ ತಗೋತಿದ್ದೀಯಾ?" ಇಷ್ಟೇ ನಾನು ಕೇಳಿದ್ದು.

ಬೆಳಗ್ಗೆ ಒಂದು ಕ್ಲಿನಿಕ್‌ನಲ್ಲಿ ನರ್ಸ್ ಎಲ್ಲರ ಎದುರಿಗೇ ಅಂದರಂತೆ, "ಇಂಥ ಕಾಯಿಲೆ ಇಟ್ಕೊಂಡು ಇದೆಲ್ಲ ಯಾಕೆ ಬೇಕಿತ್ತು? ತೆಗೆಸಿ, ಆಪರೇಷನ್ನೂ ಮಾಡಿಸ್ಕೊಂಡುಬಿಡು." 2017ರ ಎಚ್‌ಐವಿ ಕಾಯ್ದೆಯಲ್ಲಿ ಬರೆದೇ ಇದೆ. ಹೆಂಗಸು ತಿಳಿದು ಒಪ್ಪದೆ ಗರ್ಭಪಾತವಾಗಲಿ ಮಕ್ಕಳಾಗದ ಆಪರೇಷನ್ನಾಗಲಿ ಮಾಡುವ ಹಾಗಿಲ್ಲ. ಹೇಳಿದೆ. ಬೇಡ ಅನ್ನಿಸಿದರೆ ಕಾನೂನಿನಲ್ಲಿ ಅದಕ್ಕೂ ಅವಕಾಶ ಇದೆ, ಮಾತ್ರೆಯಲ್ಲೇ ಆಗಬೇಕಾದರೆ 9 ವಾರದೊಳಗೆ ಡಾಕ್ಟರ್ ಹತ್ರ ಹೋಗಬೇಕು ಅಂದೆ. ಇಟ್ಟುಕೊಂಡರೆ, ಚಿಕಿತ್ಸೆಯೇ ಇಲ್ಲದಿದ್ದಾಗ 100ರಲ್ಲಿ 15ರಿಂದ 45 ಮಕ್ಕಳಿಗೆ ತಗಲುವ ಸೋಂಕು, ಸರಿಯಾಗಿ ಮಾತ್ರೆ ತಗೊಂಡರೆ 5ಕ್ಕಿಂತ ಕಡಿಮೆಗೆ ಇಳಿಯುತ್ತೆ ಅಂದೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಹೇಳುವ ಅವಳ ವೈರಲ್ ಲೋಡ್ ರಿಪೋರ್ಟೂ ಚೆನ್ನಾಗಿದೆ.

ಎಲ್ಲ ಕೇಳಿಸಿಕೊಂಡು, "ನೀವಾಗಿದ್ರೆ ಎಂತ ಮಾಡ್ತಿದ್ರಿ ಅಕ್ಕ?" ಅಂದಳು.

ಅಷ್ಟೊತ್ತಿಗೆ ಮಂಡಗದ್ದೆ. ತುಂಗೆ ಕೆಂಪಗೆ ತುಂಬಿ ಹರಿಯುತ್ತಿತ್ತು, ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಬಿಡದೆ ನೆನೆಯುತ್ತಾ ಕೂತಿದ್ದವು. ಇಬ್ಬರೂ ಆ ಕಡೆ ನೋಡಿದೆವು. ನಾನು ಉತ್ತರ ಕೊಡಲಿಲ್ಲ. "ನಿಂಗೆ ಏನನ್ನಿಸುತ್ತೆ?" ಅಂತ ವಾಪಸ್ ಕೇಳಿದೆ. "ಇದನ್ನ ಯಾರೂ ಕೇಳೇ ಇಲ್ಲ" ಅಂದು ಅಳೋಕೆ ಶುರು ಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ. ಕೈ ಹಿಡಿದುಕೊಂಡು ಕೂತೆ. ನಾಳೆ ಗಂಡನ ಜೊತೆ ಮಾತಾಡಿ ಫೋನ್ ಮಾಡ್ತೀನಿ ಅಂದಿದ್ದಾಳೆ.

2015ರಲ್ಲಿ ನನಗೂ ಹೀಗೇ, ಬಯಸದೆ ನಿಂತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಮಗ ಹುಟ್ಟಿದ ಮೇಲೆ ಸೋಂಕು ತಗಲದಿರಲಿ ಅಂತ ಆರು ವಾರ ಡ್ರಾಪರ್‌ನಲ್ಲಿ ನೆವಿರಪಿನ್ ಸಿರಪ್ ಹಾಕಿದ್ದು, 18 ತಿಂಗಳ ಎಚ್‌ಐವಿ ಟೆಸ್ಟಿನ ಚೀಟಿ ಓದೋಕೆ ಕೈ ನಡುಗಿದ್ದು, ಯಾವುದನ್ನೂ ಹೇಳಲಿಲ್ಲ. ಹೇಳಿದರೆ ನನ್ನನ್ನು ನೋಡಿ ಇಟ್ಕೋತಾಳೇನೋ ಅಂತ ಹೆದರಿಕೆ. ಅವಳಿಗೆ ಐದು ವರ್ಷದ ಮಗಳಿದ್ದಾಳೆ, ಟಿಬಿ ಮಾತ್ರೆ ಇನ್ನೂ ಮುಗಿದಿಲ್ಲ, ಅವಳ ಕಷ್ಟವೇ ಬೇರೆ. ಆದರೆ ಮುಚ್ಚಿಟ್ಟಿದ್ದು ಸರೀನಾ? ಬಸ್ಸಿಳಿದಾಗಿನಿಂದ ಅದೇ ಕೊರೀತಿದೆ.

ಮಗ ಒಲೆ ಮುಂದೆ ಕೂತು ಹಲಸಿನ ಹಪ್ಪಳ ಸುಡ್ತಿದ್ದಾನೆ. ಒಂದು ಕರಟಿಸಿದ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಊದ್ತಿದ್ದಾನೆ. ಇವನನ್ನು ನೋಡಿದರೆ ಹೇಳಿಬಿಡಬೇಕು ಅನ್ನಿಸುತ್ತೆ, ಮತ್ತೆ ಅವಳ ಆ ಖಾಲಿ ಹಾಳೆ ನೆನಪಾದರೆ